ದಿಂಬಿನೊಳಗಿನ ಮಾತ್ರೆಗಳು

ಮೊದಲು ಹೋದದ್ದು ಚಪ್ಪಲಿ.

ಘಟಪ್ರಭಾದ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ನಾಗನೂರಿಗೆ ಬರಲು ಬಸ್ ಹತ್ತುತ್ತಿದ್ದೆ. ಎಡಗಾಲಿನ ಚಪ್ಪಲಿ ಕಳಚಿ ಕೆಳಗೆ ಬಿತ್ತು. ನನಗೆ ಗೊತ್ತೇ ಆಗಲಿಲ್ಲ. ಸೀಟಿನಲ್ಲಿ ಕೂತ ಮೇಲೆ ಕಂಡಕ್ಟರ್ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದ.

"ಸಿಸ್ಟರ್, ಒಂದ ಕಾಲಿಗೆ ಟಿಕೆಟ್ ತಗಸ್ತೀರೇನ್ರಿ?"

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಎಂಟು ವರ್ಷ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವಳಿಗೆ, ಚಪ್ಪಲಿ ಕಳಚಿದ್ದು ಕಾಲಿಗೆ ತಿಳಿಯದಿದ್ದರೆ ಏನರ್ಥ ಎಂದು ಹೊಳೆಯಬೇಕಿತ್ತು. ಬೇರೆಯವರ ಕಾಲಾಗಿದ್ದರೆ ಹೊಳೆಯುತ್ತಿತ್ತು.

ಮೂರನೆಯ ದಿನ ಹಾಸಿಗೆಯಿಂದ ಏಳಲಾಗಲಿಲ್ಲ.

ಐದನೆಯ ದಿನ ಕೈಯೂ ಹೋಯಿತು.

ಬೆಳಗಾವಿಯ ದೊಡ್ಡಾಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿದರು. ಗಿಲಾನ್ ಬಾರೆ ಸಿಂಡ್ರೋಮ್ ಎಂದರು ಡಾಕ್ಟರು. ನನ್ನ ಮೈಯೇ ನನ್ನ ನರಗಳನ್ನು ವೈರಿ ಎಂದು ತಿಳಿದು ಹೊಡೆಯುತ್ತಿದೆಯಂತೆ. ವಾಸಿಯಾಗುತ್ತದೆ, ಆದರೆ ಸಾವಕಾಶ, ವರ್ಷಗಟ್ಟಲೆ ಹಿಡಿಯಬಹುದು. ಗಂಡ ಸಂಕೇಶ್ವರದ ಸಕ್ಕರೆ ಕಾರ್ಖಾನೆಯಲ್ಲಿದ್ದರು. ಕಬ್ಬಿನ ಹಂಗಾಮಿನಲ್ಲಿ ರಜೆ ಸಿಗುವುದಿಲ್ಲ. ನನ್ನ ಹತ್ತಿರ ಕೂತವರು ನನ್ನ ಅತ್ತೆ, ಚಂದ್ರವ್ವ. ಅರವತ್ತು ದಾಟಿದ, ಸುಮ್ಮನೆ ಕೂರಲು ಬಾರದ ಹೆಂಗಸು.

"ಹೆಸರ ಹೇಳಾಕ ನಾಲಿಗಿ ಹೊಳ್ಳದ ಬ್ಯಾನಿ ನಮ್ಮ ಮನೀಗೇ ಬರಬೇಕಿತ್ತೇನು," ಎಂದು ನನ್ನ ಕಾಲು ತಿಕ್ಕುತ್ತ ಕೂತರು.

ತಿಕ್ಕಿದ್ದು ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ಕೆಲವು ದಿನ ಕಳೆದ ಮೇಲೆ ತಿಳಿಯತೊಡಗಿತು, ಅದೂ ಉರಿಯ ರೂಪದಲ್ಲಿ. ಕೆಂಡದ ಮೇಲೆ ಪಾದ ಇಟ್ಟ ಹಾಗೆ. ಡಾಕ್ಟರು ನರದ ನೋವಿಗೆಂದು ರಾತ್ರಿ ಒಂಬತ್ತಕ್ಕೆ ಒಂದು ಮಾತ್ರೆ ಬರೆದರು.

ಮಾತ್ರೆ ಬಂತು. ಉರಿ ಇಳಿಯಲಿಲ್ಲ.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅತ್ತೆಯಂಥವರು ನೀರನ್ನೂ ಮುಟ್ಟುವುದಿಲ್ಲ. ಸಿಸ್ಟರ್ ಮಾತ್ರೆ ತಂದಾಗೆಲ್ಲ ಅತ್ತೆ ಕೈ ಚಾಚಿ, "ಕೊಡ್ರಿ, ನಾ ನುಂಗಸ್ತೇನಿ, ನೀವ ಹೋಗ್ರಿ," ಎನ್ನುತ್ತಿದ್ದರು. ಸಿಸ್ಟರ್ ಹೋದ ಮೇಲೆ ಮಾತ್ರೆ ನನ್ನ ದಿಂಬಿನ ಚೀಲದೊಳಗೆ ಹೋಗುತ್ತಿತ್ತು. ಔಷಧವನ್ನು ಕಸಕ್ಕೆ ಎಸೆಯಲು ಅತ್ತೆಗೆ ಮನಸ್ಸಿಲ್ಲ, ಸಿಸ್ಟರ್ ಎದುರು ಒಲ್ಲೆ ಎನ್ನಲು ಸಂಕೋಚ. ಬೆಳಿಗ್ಗೆ ಕೊಟ್ಟರಾಯಿತೆಂದು ಇಟ್ಟು ಮರೆಯುತ್ತಿದ್ದರು. ನನಗೆ ಎಲ್ಲಾ ಕಾಣುತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ಹುಟ್ಟಿದಾಗಿನಿಂದ ಕತ್ತಲಾದ ಮೇಲೆ ಬಾಯಿಗೆ ಏನೂ ಹಾಕದವಳಿಗೆ ಕಾಯಿಲೆಯಲ್ಲೂ ಮಾತ್ರೆ ಬೇಕೆಂದು ಹಟ ಮಾಡಲು ಬರಲಿಲ್ಲ.

ಮಾತ್ರೆ ಶುರುವಾದ ಆರನೆಯ ದಿನ ಆಯಾ ದಿಂಬು ಝಾಡಿಸಿದಳು. ಐದು ಮಾತ್ರೆ ಟಪಟಪ ನೆಲಕ್ಕೆ ಬಿದ್ದವು.

ಅತ್ತೆ ಕಿಟಕಿಯ ಹೊರಗೆ ಏನೋ ಮಹತ್ವದ್ದು ನಡೆದ ಹಾಗೆ ನೋಡುತ್ತ ನಿಂತರು. ರೌಂಡ್ಸಿಗೆ ಬಂದ ಡಾಕ್ಟರು ಬಯ್ಯುತ್ತಾರೆ ಎಂದುಕೊಂಡೆ. ಅವರು ಹಣೆ ಒರೆಸಿಕೊಂಡು, "ಮೊದಲ ಹೇಳಬಾರದೇನ್ರಿ ಅವ್ವಾರ? ಊಟದ ಜೋಡಿ ಐದೂವರಿಗೆ ಕೊಡೂಣಂತ," ಎಂದರು. ಅಷ್ಟೇ. ಉರಿ ವಾರದಲ್ಲಿ ಅರ್ಧಕ್ಕೆ ಬಂತು.

ಆದರೆ ನನ್ನನ್ನು ಚುಚ್ಚಿದ್ದು ಬೇರೆ. ಐದೂ ದಿನ ಚಾರ್ಟಿನಲ್ಲಿ 'ಕೊಟ್ಟಿದೆ' ಎಂದು ಬರೆದಿತ್ತು. ಸಿಸ್ಟರದು ಸುಳ್ಳಲ್ಲ, ಅವರು ಕೊಟ್ಟಿದ್ದರು. ಎಂಟು ವರ್ಷ ನಾನೂ ಹಾಗೇ ಬರೆದಿದ್ದೆ. ನುಂಗಿದ್ದನ್ನು ಎಷ್ಟು ಸಲ ನೋಡಿದ್ದೆ?

ಮನೆಗೆ ಬಂದ ಮೇಲೆ ಕಾಲು ಬೇಗ ಬಂತು, ಕೈ ಸತಾಯಿಸಿತು. ಗುಂಡಿ ಹಾಕಲು ಬಾರದು, ಬಾಚಣಿಕೆ ಹಿಡಿಯಲು ಬಾರದು. ಫಿಸಿಯೋಥೆರಪಿಯವರು ಹಿಸುಕಲು ರಬ್ಬರ್ ಚೆಂಡು ಕೊಟ್ಟರು. ಅತ್ತೆ ಅದನ್ನು ಗೋಡೆಯ ಮಾಡದಲ್ಲಿಟ್ಟು ಜೋಳದ ಹಿಟ್ಟಿನ ಮುದ್ದೆ ಕೊಟ್ಟರು.

"ಚೆಂಡ ಹಿಸಕಿದ್ರ ಏನ ಬರತೈತಿ? ರೊಟ್ಟಿ ಬಡಿ, ಕೈಯೂ ಬರತೈತಿ, ರೊಟ್ಟಿಯೂ ಬರತೈತಿ."

ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಹುಕ್ಕೇರಿ ತಾಲೂಕಿನ ನಕಾಶಿ ಆಗೇತಿ. ನಾಳಿಗೆ ಗೋಕಾಕಿಂದು ಮಾಡು."

ತಿಂಗಳುಗಟ್ಟಲೆ ನಕಾಶೆ ತಿಂದೆವು. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ರೊಟ್ಟಿ ದುಂಡಗಾಯಿತು. ಇನ್ನು ಕೆಲಸಕ್ಕೆ ಹೋಗುತ್ತೇನೆ ಎಂದೆ.

ನನಗೆ ತರಬೇತಿ ಕೊಟ್ಟಿದ್ದ ಸಂಸ್ಥೆ ಹುಕ್ಕೇರಿಯಲ್ಲಿತ್ತು. ಅಲ್ಲಿಯ ಕ್ಲಾರ್ಕು ರಿಜಿಸ್ಟರ್ ತಿರುವಿ ಹಾಕಿದ.

"ಬಾಯಾರ, ಎರಡ ವರ್ಷ ಕೆಲಸ ಬಿಟ್ಟೀರಿ. ಸರ್ಟಿಫಿಕೇಟ್ ರದ್ದಾಗೇತ್ರಿ."

ನನ್ನ ಹೆಸರಿನ ಮೇಲೆ ಕೆಂಪು ಗೀಟು. ಬೆಳಗಾವಿಯಲ್ಲಿ ಕೈಕಾಲು ಬಿದ್ದಾಗ ಅಳದವಳು ಹುಕ್ಕೇರಿ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ನನಗೆ ಬೇರೆ ಯಾವ ಕೆಲಸವೂ ಬಾರದು. ಬೇರೆ ಯಾವುದೂ ಬೇಕಾಗಿಯೂ ಇರಲಿಲ್ಲ.

ದಾರಿ ಒಂದಿತ್ತು. ಗೋಕಾಕದ ಒಂದು ಆಸ್ಪತ್ರೆಯಲ್ಲಿ ಒಂದು ತಿಂಗಳು ಕೆಲಸ ಮಾಡಬೇಕು, ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆ. ಬಿಪಿ ನೋಡುವುದು, ಮತ್ತು ರೋಗಿ ಮಲಗಿರುವಾಗಲೇ ಹತ್ತು ನಿಮಿಷದಲ್ಲಿ ಹಾಸಿಗೆ ಬದಲಿಸುವುದು. ಫೇಲಾದ ಭಾಗಕ್ಕೆ ಇನ್ನೊಂದೇ ಅವಕಾಶ.

ಅತ್ತೆ ಕೇಳಿಸಿಕೊಂಡು ಸೀದಾ ಹೋಗಿ ಮಂಚದ ಮೇಲೆ ಮಲಗಿದರು.

"ನಾ ಪೇಶಂಟ. ಹಾಸು."

ಆ ತಿಂಗಳೆಲ್ಲ ದಿನಾ ನಾಲ್ಕು ಗಂಟೆಗೆ, ನಾನು ಗೋಕಾಕದಿಂದ ಬಂದ ಕೂಡಲೇ, ಅತ್ತೆಗೆ ಪಾರ್ಶ್ವವಾಯು. ಒಂದು ದಿನ ಕಾಲು ಮುರಿಯುತ್ತಿತ್ತು, ಒಂದು ದಿನ ಪ್ರಜ್ಞೆ ಇರುತ್ತಿರಲಿಲ್ಲ. ಪ್ರಜ್ಞೆ ಇಲ್ಲದಾಗಲೂ ಮಾತು ನಿಲ್ಲುತ್ತಿರಲಿಲ್ಲ. "ಎಡಗಡೆ ಸುಕ್ಕ ಐತಿ ನೋಡು." ನಾನು ಅವರನ್ನು ಹೊರಳಿಸಿ, ಅರ್ಧ ಹಾಸಿ, ಮತ್ತೆ ಹೊರಳಿಸಿ ಇನ್ನರ್ಧ ಹಾಸುವುದು. ಹದಿನೆಂಟು ನಿಮಿಷದಿಂದ ಒಂಬತ್ತಕ್ಕೆ ಬಂದೆ.

ಪರೀಕ್ಷೆ ಮಾಡಲು ಬಂದವರು ಅದೇ ಆಸ್ಪತ್ರೆಯ ಬಿಗಿಮುಖದ ಹಿರಿಯ ಸಿಸ್ಟರ್. ನನಗೆ ಕೊಟ್ಟ ರೋಗಿ ಶಾಂತಪ್ಪ ಎಂಬ ಅಜ್ಜ, ಮೂಡಲಗಿಯ ಕಿರಾಣಿ ವ್ಯಾಪಾರಿ. ಎರಡು ದಿನದ ಹಿಂದಷ್ಟೇ ಬೇರೆ ವಾರ್ಡಿನಿಂದ ಬಂದಿದ್ದರು. ಒಂದು ಕೈಗೆ ಬಲ ಸಾಲದೆ ಬಿಪಿಯ ಬಲ್ಬನ್ನು ಎರಡೂ ಕೈಯಿಂದ ಒತ್ತಿದೆ. ನೂರಾ ಎಂಬತ್ತರ ಮೇಲೆ ನೂರಾ ಹತ್ತು ಎಂದೆ. ಸಿಸ್ಟರ್ ಹುಬ್ಬೇರಿಸಿದರು.

"ವಾರದಿಂದ ದಿನಾ ರಾತ್ರಿ ಮಾತ್ರೆ ನಡದಾವ. ಡಾಕ್ಟರ್ ಡೋಸ್ ಬ್ಯಾರೆ ಏರಿಸ್ಯಾರ. ನಿಮ್ಮ ಕೈ ಖರೇನ ಸುಧಾರಿಸೇತೇನು?"

ತಾವೇ ಮತ್ತೆ ನೋಡಿದರು. ಅಷ್ಟೇ ಬಂತು. ಬಿಪಿಗೆ ಸರಿ ಎಂದು ಗುರುತು ಹಾಕಿಕೊಂಡು ಗಡಿಯಾರ ನೋಡಿದರು. ನಾನು ಹಾಸಿಗೆ ಶುರು ಮಾಡಿದೆ.

ಅಜ್ಜ ಹೊರಳಲು ಒಪ್ಪಿದರು, ದಿಂಬು ಬಿಡಲು ಒಪ್ಪಲಿಲ್ಲ. ಎರಡೂ ಕೈಯಿಂದ ಅದನ್ನು ಅಪ್ಪಿಕೊಂಡರು. ಆ ಮುಖ ನನಗೆ ಗೊತ್ತಿತ್ತು. ಕಿಟಕಿಯ ಹೊರಗೆ ನೋಡಿದ ನನ್ನ ಅತ್ತೆಯದೇ ಮುಖ.

ಎಳೆದುಕೊಂಡು ಹಾಸಿದ್ದರೆ ಒಂಬತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಆಸೆಯೂ ಆಯಿತು. ಆದರೆ ಕೈಯಲ್ಲಿದ್ದ ಚಾದರ ಕೆಳಗಿಟ್ಟು ಅಜ್ಜನ ಬಾಜೂ ಕೂತೆ.

"ಅಜ್ಜಾ, ಸಂಜಿ ಊಟ ಎಷ್ಟಕ್ಕ ಮಾಡ್ತೀರಿ?"

"ಹೊತ್ತ ಮುಳುಗೂದರಾಗ, ತಂಗಿ."

"ಮಾತ್ರಿ?"

ಅಜ್ಜ ದಿಂಬನ್ನು ಇನ್ನೂ ಬಿಗಿಯಾಗಿ ಅಪ್ಪಿದರು. ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಮಾತ್ರೆಗಳೂ ಹೀಗೇ ದಿಂಬಿನೊಳಗಿದ್ದವು ಎಂದು ಸಾವಕಾಶ ಹೇಳಿದೆ. ಉಳಿದವರಿಗೆ ಕೇಳದ ಹಾಗೆ ಹೇಳಿದೆ. ಆಗ ದಿಂಬು ಸಡಿಲವಾಯಿತು. ಒಳಗೆ ಏಳು ಮಾತ್ರೆ, ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಚೊಕ್ಕವಾಗಿ ಸುತ್ತಿದ್ದವು. ವ್ಯಾಪಾರಿಯ ಪೊಟ್ಟಣ.

ಪೊಟ್ಟಣವನ್ನು ಸಿಸ್ಟರ್ ಕೈಗಿಟ್ಟೆ. "ಇವರಿಗೆ ಮಾತ್ರಿ ಐದೂವರಿಗೆ ಕೊಡಬೇಕ್ರಿ. ಏರಿಸಿದ ಡೋಸ್ ಕೊಡೂಕಿಂತ ಮೊದಲ ಡಾಕ್ಟರಿಗೆ ಹೇಳ್ರಿ." ಆಮೇಲೆ ಹಾಸಿಗೆ ಮುಗಿಸಿದೆ.

"ಹದಿನಾಲ್ಕ ನಿಮಿಷ," ಎಂದರು ಸಿಸ್ಟರ್. "ಹಾಸಿಗಿ ಫೇಲ್. ಸೋಮವಾರ ಬರ್ರಿ." ಬಾಗಿಲ ತನಕ ಹೋಗಿ ತಿರುಗಿದರು. "ತಪ್ಪದ ಬರ್ರಿ."

ಮನೆಗೆ ಬಂದು ಎಲ್ಲಾ ಹೇಳಿದೆ. ಅತ್ತೆ ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದರು. ನೊಂದುಕೊಂಡರೇನೋ ಎಂದು ನನಗೆ ಹೆದರಿಕೆಯಾಯಿತು. ಕೊನೆಗೆ ಸೆರಗು ಸರಿ ಮಾಡಿಕೊಂಡು ಅಂದರು: "ದಿಂಬ ನೋಡೂದನ್ನ ನಿನಗ ಕಲಿಸಿದಾಕಿ ನಾನು, ಮರೀಬ್ಯಾಡ."

ಸೋಮವಾರ ಹೋದಾಗ ಅಜ್ಜನ ಬಿಪಿ ನೂರಾ ಐವತ್ತಕ್ಕೆ ಇಳಿದಿತ್ತು. ದಿಂಬನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟರು. "ನಾ ಹೊಳ್ಳತೇನಿ, ನೀ ಜಲ್ದಿ ಹಾಸು ತಂಗಿ. ಗಡಿಯಾರ ನಾ ನೋಡ್ತೇನಿ." ಸಿಸ್ಟರ್ ಕೆಮ್ಮಿದರು. ಎಂಟು ನಿಮಿಷ.

ಹುಕ್ಕೇರಿಯಲ್ಲಿ ಅದೇ ಕ್ಲಾರ್ಕು ಕೆಂಪು ಗೀಟನ್ನು ಅಳಿಸಲು ಬರುವುದಿಲ್ಲ ಎಂದು ಹೇಳಿ, ಅದರ ಕೆಳಗೆ ನನ್ನ ಹೆಸರನ್ನು ಮತ್ತೆ ಬರೆದ. ಇರಲಿ. ನನ್ನ ಬೆರಳ ತುದಿಗಳೂ ಇನ್ನೂ ಪೂರ್ತಿ ಎಚ್ಚರಾಗಿಲ್ಲ. ಸೂಜಿಗೆ ದಾರ ಪೋಣಿಸುವುದು ಈಗಲೂ ಅತ್ತೆಯೇ, ಕನ್ನಡಕ ಹಾಕಿಕೊಂಡು. ಕಾಯಿಲೆ ಮತ್ತೆ ಬರಬಹುದೇ ಎಂದು ಕೇಳಿದರೆ ಡಾಕ್ಟರು ಅಪರೂಪ ಎನ್ನುತ್ತಾರೆ. ಅಷ್ಟು ಸಾಕು.

ಈಗ ಗೋಕಾಕದಲ್ಲೇ ಕೆಲಸ. ಮೊದಲ ದಿನ ಡ್ಯೂಟಿಗೆ ಹೋದಾಗ ಶಾಂತಪ್ಪಜ್ಜ ಇನ್ನೂ ಅಲ್ಲೇ ಇದ್ದರು. ಐದೂವರೆಗೆ ಊಟ ಮುಗಿಸಿದ್ದರು. ಮಾತ್ರೆ ಕೊಟ್ಟೆ. ನುಂಗಿ, ನೀರು ಕುಡಿದು, ನಾನು ಕೇಳುವ ಮೊದಲೇ ಬಾಯಿ ದೊಡ್ಡದಾಗಿ ತೆರೆದು, ನಾಲಿಗೆ ಎತ್ತಿ ತೋರಿಸಿದರು. ನಾನು ಬಗ್ಗಿ ನೋಡಿದೆ. ಆಮೇಲೆ ಚಾರ್ಟು ತೆಗೆದುಕೊಂಡು, ಸೊಟ್ಟಗಿದ್ದ ನನ್ನ ಹೊಸ ಅಕ್ಷರದಲ್ಲಿ ಬರೆದೆ: ನುಂಗಿದ್ದಾರೆ.