ತವುಡು ಕೊಟ್ಟು ತಂದ ಮಗು

ನಮ್ಮ ಕಡೆಯ ದೊಡ್ಡವರಿಗೆ ಮಕ್ಕಳನ್ನು ಅಳಿಸುವುದೆಂದರೆ ಒಂದು ಮೋಜು. ‘ನಿನ್ನನ್ನು ನಾವು ಹೆತ್ತದ್ದಲ್ಲ, ತವುಡು ಕೊಟ್ಟು ತಂದದ್ದು’ ಎನ್ನುವುದು, ಮಗುವಿನ ತುಟಿ ನಡುಗಿದೊಡನೆ ಬಿದ್ದು ಬಿದ್ದು ನಗುವುದು. ಅದರಲ್ಲಿ ನಗುವಂಥದ್ದು ಏನಿದೆಯೋ, ನನಗೆ ಇಂದಿಗೂ ತಿಳಿದಿಲ್ಲ.

ಎಂಬತ್ತರ ದಶಕದ ಆರಂಭ. ಕಾರ್ಕಳದ ಗಂಡನ ಮನೆಯಲ್ಲಿದ್ದೆ. ಮಗಳಿಗೆ ಐದು ವರ್ಷ. ನಾನು ಎರಡನೆಯ ಬಾರಿ ಬಸುರಿ. ಮನೆಗೆ ಪಾಪು ಬರುತ್ತದೆ ಎಂದು ಯಾರೋ ಹೇಳಿದ್ದರು. ಎಲ್ಲಿಂದ ಎಂದು ಅವಳು ಹೋಗಿ ಕೇಳಿದ್ದು ನನ್ನ ಮೈದುನನನ್ನು. ‘ಮೀನಿನವಳ ಬುಟ್ಟಿಯಲ್ಲಿ ಬರ್ತದೆ. ನಿನ್ನನ್ನೂ ಅವಳಿಗೆ ತವುಡು ಕೊಟ್ಟೇ ತಂದದ್ದು. ಹಠ ಮಾಡಿದರೆ ವಾಪಸು ಕೊಂಡುಹೋಗ್ತಾಳೆ’ ಎಂದನಂತೆ, ಪುಣ್ಯಾತ್ಮ! ಆಮೇಲೆ, ಕಾಪುವಿನಿಂದ ಬಸ್ಸಿನಲ್ಲಿ ಮೀನು ತರುತ್ತಿದ್ದ ಆ ಪಾಪದ ಹೆಂಗಸಿನ ದನಿ ಕೇಳಿದರೆ ಸಾಕು, ಮಗಳು ಮಂಚದಡಿ ಸೇರುತ್ತಿದ್ದಳು. ಇದೊಂದೂ ತಿಳಿಯದ ನಾನು, ಅವಳಿಗೆ ಮೀನಿನ ವಾಸನೆ ಆಗುವುದಿಲ್ಲವೇನೋ ಎಂದುಕೊಂಡಿದ್ದೆ.

ಏಳನೆಯ ತಿಂಗಳಲ್ಲಿ ಬಯಕೆ ಊಟವಾಯಿತು. ನೆಂಟರಿಷ್ಟರೆಲ್ಲ ಸೇರಿ, ನನಗೆ ಹೊಸ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಬಗೆಬಗೆಯ ತಿಂಡಿ ಬಡಿಸಿದರು. ನಮ್ಮ ಮೀನಿನ ಹೆಂಗಸನ್ನೂ ಕರೆದಿದ್ದೆ. ಅವಳು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಮಗಳು ನಾಪತ್ತೆ.

ಮಂಚದಡಿಯಲ್ಲೇ ಸಿಕ್ಕಿದಳು. ಎದೆಗೆ ಒಂದು ಬಟ್ಟೆಯ ಗಂಟು ಅವಚಿಕೊಂಡಿದ್ದಳು.

‘ನಾನು ಹಠ ಮಾಡ್ಲಿಲ್ಲ ಅಮ್ಮ. ಆದರೂ ಕೊಟ್ಟುಬಿಡ್ತೀರಾ?’

ಯಾರಿಗೆ, ಯಾಕೆ ಎಂದು ಕೇಳಿದಾಗ ಬಿಕ್ಕುತ್ತ ಎಲ್ಲವನ್ನೂ ಹೇಳಿದಳು. ಬಾಗಿಲಲ್ಲಿ ಸೇರಿದ್ದವರೆಲ್ಲ ನಕ್ಕರು, ಮೈದುನನೂ. ನನ್ನ ಮೈ ಉರಿದುಹೋಯಿತು. ಅವಳ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡೆ.

‘ಪಾಪು ಇಲ್ಲಿ ಉಂಟು. ನೀನೂ ಇಲ್ಲಿಯೇ ಇದ್ದದ್ದು. ನನ್ನ ಹೊಟ್ಟೆಯಿಂದಲೇ ಹುಟ್ಟಿದ್ದು.’

ನಗು ನಿಂತಿತು. ಅತ್ತೆಯ ಮುಖ ಕೆಂಪಾಯಿತು. ‘ಎಂತ ಇದು! ಮಕ್ಕಳ ಹತ್ತಿರ ಹೇಳುವ ಮಾತಾ? ನಾಚಿಕೆ ಬೇಡ್ವಾ ನಿನಗೆ?’

‘ಇದೇ ಹೊಟ್ಟೆಗೋಸ್ಕರ ಊರಿಗೆಲ್ಲ ಹೇಳಿಕೆ ಕೊಟ್ಟು ಕರೆದು ಊಟ ಹಾಕಿದ್ದಲ್ವಾ ಅತ್ತೆ? ಅವಳೊಬ್ಬಳಿಗೆ ಹೇಳಿದರೆ ನಾಚಿಕೆಯಾ?’

ಮಗಳು ನನ್ನ ಹೊಟ್ಟೆಯಿಂದ ಕೈ ತೆಗೆಯದೆ ಕೇಳಿದಳು, ‘ಹಾಗಾದರೆ ನಾನು ಹೋಗ್ಬೇಕಂತ ಇಲ್ವಾ?’

ಗಂಟು ಬಿಚ್ಚಿ ನೋಡಿದೆ. ಎರಡು ಫ್ರಾಕು, ಒಂದು ಬಾಚಣಿಗೆ. ಅಡಿಯಲ್ಲಿ, ನನ್ನ ಹಳೆಯ ಸೀರೆಯ ಒಂದು ತುಂಡು.

‘ಇದು ಎಂತಕ್ಕೆ?’

‘ಅಲ್ಲಿ ನೀನು ಇರುವುದಿಲ್ಲ ಅಲ್ವಾ? ಮಲಗುವಾಗ ಬೇಕು.’

‘ತಮಾಷೆಗೆ ಹೇಳಿದ್ದು ಅತ್ತಿಗೆ’ ಎಂದ ಮೈದುನ. ಆ ತುಂಡನ್ನು ಅವನ ಕೈಗೆ ಕೊಟ್ಟು ಹೇಳಿದೆ, ‘ಈಗ ನಗು, ನೋಡುವ.’