ಸಿದ್ದಗಂಗಮ್ಮನ ಗಾಯ ದಾಖಲಾಗಲಿಲ್ಲ

೨೦೨೫ರ ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಕಸದ ಚೀಲ ಕಟ್ಟುತ್ತಿದ್ದ ಸಿದ್ದಗಂಗಮ್ಮನ ಎಡಗೈ ಹೆಬ್ಬೆರಳಿಗೆ ಬಳಸಿದ ಸೂಜಿಯೊಂದು ಚುಚ್ಚಿತು. ಅದು ಸೂಜಿಗಳಿಗೆಂದೇ ಇಟ್ಟ ಬಿಳಿ ಡಬ್ಬಿಯಲ್ಲಿರಬೇಕಾಗಿತ್ತು. ಯಾರೋ ಹಳದಿ ಚೀಲಕ್ಕೆ ಎಸೆದಿದ್ದರು. ನೋವು ಇರುವೆ ಕಚ್ಚಿದಷ್ಟೇ. ಆದರೆ ಹತ್ತೊಂಬತ್ತು ವರ್ಷ ಆ ಚೀಲಗಳನ್ನು ಬೇರ್ಪಡಿಸಿದ ಹೆಂಗಸಿಗೆ, ಸೂಜಿಯಲ್ಲಿ ಯಾರ ರಕ್ತವಿತ್ತೋ ಎಂಬ ಭಯವನ್ನು ಯಾರೂ ಕಲಿಸಿಕೊಡಬೇಕಿರಲಿಲ್ಲ.

ಡ್ಯೂಟಿ ಡಾಕ್ಟರು ಗಾಯ ತೊಳೆಸಿ ಔಷಧ ಕೊಟ್ಟರು. ಆರನೆಯ ವಾರ ಒಮ್ಮೆ, ಮೂರನೆಯ ತಿಂಗಳು ಇನ್ನೊಮ್ಮೆ ರಕ್ತಪರೀಕ್ಷೆ ತಪ್ಪಬಾರದೆಂದರು. ಹಿಂದೆ ಇಂಥದ್ದಾದರೆ ರಟ್ಟಿನ ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿಸಿ, ಪುಕ್ಕಟೆ ರಕ್ತಪರೀಕ್ಷೆಯ ಚೀಟಿ ಕೊಡುತ್ತಿದ್ದರು. ಸರ್ಕಾರದ ನಿಯಮಗಳ ಪಾಲನೆಯನ್ನು ತೋರಿಸಲು ಜನವರಿಯಲ್ಲಿ ಕಂಪ್ಯೂಟರ್ ವ್ಯವಸ್ಥೆ ಬಂತು. ರಿಜಿಸ್ಟರು ಗುಜರಿಗೆ ಹೋಯಿತು. ಈಗ ಚೀಟಿ ಕಂಪ್ಯೂಟರಿನಿಂದಲೇ ಬರಬೇಕು.

ದಾಖಲೆ ವಿಭಾಗದ ಮನು ಮೂರು ಸಲ ಪ್ರಯತ್ನಿಸಿದ. "ಅಕ್ಕಾ, ಎಂಪ್ಲಾಯಿ ಐಡಿ ಕೇಳ್ತಿದೆ. ಕಂಟ್ರಾಕ್ಟ್‌ನವ್ರಿಗೆ ಐಡಿನೇ ಕೊಟ್ಟಿಲ್ವಲ್ಲ, ಸಬ್‌ಮಿಟ್ ಆಗ್ತಿಲ್ಲ."

"ಸೂಜಿ ಏನೂ ಐಡಿ ಕೇಳ್ಲಿಲ್ಲ ಕಣಪ್ಪ."

"ಬೇಕಾದ್ರೆ ಪರ್ಮನೆಂಟ್ ಇರೋ ಇಂದ್ರಾಣಿ ಸಿಸ್ಟರ್ ಐಡೀಲಿ ಹಾಕ್ಬಿಡ್ಲಾ?"

"ಚುಚ್ಚಿದ್ದು ನಂಗೆ, ರಿಪೋರ್ಟು ಅವ್ರಿಗಾ? ನಾಳೆ ಏನಾದ್ರೂ ಬಂದ್ರೆ ಅವ್ರು ಮಾತ್ರೆ ನುಂಗ್ತಾರಾ?"

ಮನು ಆ ಪುಟ ಮುಚ್ಚಿ, ಮೇಲಿನವರನ್ನೇ ಕೇಳಲು ಹೇಳಿದ. ಆಡಳಿತಾಧಿಕಾರಿ ಮರುಳಸಿದ್ದಪ್ಪನವರ ಕೋಣೆಗೆ ಆಕೆ ಒಂದೇ ವಾರದಲ್ಲಿ ನಾಲ್ಕು ಬಾರಿ ಹೋದಳು. ನಾಲ್ಕನೆಯ ಬಾರಿ ಅವರು ಪರದೆಯನ್ನು ಆಕೆಯ ಕಡೆಗೆ ತಿರುಗಿಸಿದರು. 'ಸೂಜಿ ಗಾಯ: ಸೊನ್ನೆ' ಎಂದು ಹಸಿರು ಅಕ್ಷರದಲ್ಲಿತ್ತು.

"ನೋಡಮ್ಮಾ, ಸಿಸ್ಟಮ್ಮಲ್ಲಿ ಏನೂ ಆಗಿಲ್ಲ. ಆಡಿಟ್ ಬೇರೆ ಹತ್ರ ಬಂತು. ನಿಮ್ ಕಂಟ್ರಾಕ್ಟರನ್ನ ಕೇಳಿ."

"ಅವ್ರನ್ನೂ ಕೇಳ್ದೆ ಸಾರ್. ಸೂಜಿ ಆಸ್ಪತ್ರೇದು, ಅಲ್ಲೇ ಹೋಗು ಅಂದ್ರು."

ಆಡಿಟ್ ಮುಗಿಯಿತು. ಸೊನ್ನೆಗೆ ಮೆಚ್ಚುಗೆ ಸಿಕ್ಕಿತು. ಕುಮಾರಸ್ವಾಮಿ ಲೇಔಟಿನ ಮನೆಯಲ್ಲಿ ಸಿದ್ದಗಂಗಮ್ಮ ತನ್ನ ತಟ್ಟೆ ಲೋಟ ಬೇರೆಯಿಟ್ಟಿದ್ದಾಳೆ. ಅಗತ್ಯವಿಲ್ಲವೆಂದು ಡಾಕ್ಟರು ಹೇಳಿದರೂ ಮೊಮ್ಮಗಳನ್ನು ಎತ್ತಿಕೊಳ್ಳುವುದಿಲ್ಲ.

ಆ ನರ್ಸಿಂಗ್ ಹೋಮಿನ ಆಡಳಿತದವರೇ, ಆರನೆಯ ವಾರ ಏಪ್ರಿಲ್ ಇಪ್ಪತ್ತೆರಡಕ್ಕೆ ತುಂಬುತ್ತದೆ. ಅಷ್ಟರೊಳಗೆ ಈ ಗಾಯವನ್ನು ಸಿದ್ದಗಂಗಮ್ಮನ ಹೆಸರಿನಲ್ಲೇ ದಾಖಲಿಸಿ, ಎರಡೂ ಪರೀಕ್ಷೆಗಳ ಚೀಟಿಯನ್ನು ಆಕೆಯ ಕೈಗೆ ಕೊಡಿ. ಕಂಪ್ಯೂಟರು ಒಪ್ಪದಿದ್ದರೆ ಕಾಗದದ ಮೇಲೆ ಬರೆದು ಸಹಿ ಹಾಕಿ. ಆಮೇಲೆ ಆ ಸೊನ್ನೆಯನ್ನು ಅಳಿಸಿ, ಒಂದು ಎಂದು ತಿದ್ದಿ.