ಆ ವರ್ಷದ ಊಟ ನಮ್ಮದೇ ಆಗಿತ್ತು

ನಿನ್ನ ಅಜ್ಜಿಗೆ ಎದೆಯ ಆಪರೇಷನ್ ಆಗಲೇ ಇಲ್ಲ, ಪುಟ್ಟಿ. ನಿನ್ನ ಕಾಲೇಜಿನ ಫೀಸಿನ ದುಡ್ಡು ಊರಿಗೆ ಹೋಗಲೇ ಇಲ್ಲ. ಅದು ಇಲ್ಲೇ ಮಸ್ಕತ್ತಿನಲ್ಲಿ, ರೂವಿಯ ಒಂದು ಬಾಡಿಗೆ ಸಭಾಂಗಣದಲ್ಲಿ, ಒಂದು ಶುಕ್ರವಾರದ ಮಧ್ಯಾಹ್ನ ಬಾಳೆಲೆಯ ಮೇಲೆ ಬಡಿಸಿ ಮುಗಿದುಹೋಯಿತು. ಬಡಿಸಿದವರಲ್ಲಿ ನೀನೂ ಒಬ್ಬಳು.

ಇಷ್ಟನ್ನು ಬರೆಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಎದುರು ಕೂತು ಹೇಳಬಹುದಿತ್ತು — ಆದರೆ ನಾನು ಮಾತಿನಲ್ಲಿ ಎಂಥವಳು ಎಂದು ನಿನಗೆ ಗೊತ್ತಿದೆ. ಬಾಯಿ ತೆರೆದರೆ ಮೂರನೆಯ ಮಾತಿಗೇ ತಪ್ಪು ನಿನ್ನ ಅಪ್ಪನದೋ, ಕಂಪನಿಯದೋ, ಕಾಲದ್ದೋ ಆಗಿಬಿಡುತ್ತದೆ. ಬರೆಯುವಾಗ ಹಾಗೆ ಜಾರಿಕೊಂಡರೆ ನನ್ನ ಕಣ್ಣಿಗೇ ಬೀಳುತ್ತದೆ. ಅಂಥ ಸಾಲುಗಳನ್ನು ಬಹಳ ಹೊಡೆದುಹಾಕಿದ್ದೇನೆ.

ಆಗ ನೀನು ಸಿವಿಲ್ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದೆ. ನಿನ್ನ ಅಪ್ಪನಿಗೆ ರುಸೈಲಿನ ಕಾರ್ಖಾನೆಯಲ್ಲಿ ಸಂಬಳ ನಿಂತು ತಿಂಗಳುಗಳಾಗಿದ್ದವು. ಕೆಲಸವಿತ್ತು, ದಿನಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಕಂಪನಿಯ ಲೆಕ್ಕ ಬರೆದು ಬರುತ್ತಿದ್ದರು — ಸಂಬಳ ಮಾತ್ರ ಇರಲಿಲ್ಲ. ವೀಸಾ ಕೊಟ್ಟ ಮಾಲೀಕ, ಆ ಕಫೀಲ್, ನಾಳೆ ಕೊಡುತ್ತಾನಂತೆ, ಮುಂದಿನ ವಾರವಂತೆ... ಬಿಟ್ಟು ಬೇರೆಡೆ ಸೇರೋಣವೆಂದರೆ ಅಷ್ಟು ವರ್ಷ ದುಡಿದದ್ದಕ್ಕೆ ಬರಬೇಕಾದದ್ದೆಲ್ಲ ಅಲ್ಲಿಯೇ ಸಿಕ್ಕಿಹಾಕಿಕೊಂಡಿತ್ತು. ಈ ವಿಷಯ ದಾರ್ಸೈಟಿನ ನಮ್ಮ ಕಟ್ಟಡದಲ್ಲಿ ಯಾರ ಕಿವಿಗೂ ಬೀಳಬಾರದೆಂದು ನಾನು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೆ. ಕಾರು ಮಾರಿದ ದಿನ ಪಕ್ಕದ ಮನೆಯವರು ಕೇಳಿದ್ದಕ್ಕೆ, ದೊಡ್ಡದೊಂದು ನೋಡುತ್ತಿದ್ದೇವೆ ಎಂದೆ. ನೀನು ನನ್ನ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದೆ.

ನೀನು ಕಾಲೇಜಿನ ಬಸ್ಸು ಬಿಟ್ಟೆ. ಆ ಬಿಸಿಲಿನಲ್ಲಿ ರೂವಿಯವರೆಗೆ ನಡೆದು ಅಲ್ಲಿಂದ ಸಿಟಿ ಬಸ್ಸು ಹಿಡಿಯುತ್ತಿದ್ದೆ. ಮೊದಲ ಕ್ಲಾಸು ತಪ್ಪುತ್ತಿತ್ತು. ಲ್ಯಾಪ್‌ಟಾಪ್ ಕೆಟ್ಟಾಗ ರಿಪೇರಿಗೆ ಕೇಳಲೂ ಇಲ್ಲ, ಡ್ರಾಯಿಂಗ್ ಕೆಲಸವನ್ನೆಲ್ಲ ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರ್ ಖಾಲಿಯಾಗುವವರೆಗೆ ಕಾದು ಮಾಡುತ್ತಿದ್ದೆ. ಸಂಜೆ ಬಂದವಳು ಮುಖ ತೊಳೆದು ಕಟ್ಟಡದ ಮಕ್ಕಳಿಗೆ ಗಣಿತ ಹೇಳಿಕೊಡಲು ಹೋಗುತ್ತಿದ್ದೆ. ಅವಳಿಗೆ ಮಕ್ಕಳೆಂದರೆ ಪ್ರಾಣ, ಸುಮ್ಮನೆ ಹೊತ್ತು ಕಳೆಯಲು ಹೋಗುತ್ತಾಳೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಆ ಟ್ಯೂಷನ್ ದುಡ್ಡಿನಿಂದ ನಮ್ಮ ಮನೆಗೆ ಅಕ್ಕಿ ಬರುತ್ತಿತ್ತು.

ಬೆಳಿಗ್ಗೆ ನಾನು ತುಂಬಿಸಿಟ್ಟ ನಿನ್ನ ಬುತ್ತಿಯನ್ನು ನೀನು ಅಪ್ಪನ ಡಬ್ಬಿಗೆ ಸುರಿದು ಹೋಗುವುದನ್ನು ಒಮ್ಮೆ ಬಾಗಿಲ ಸಂದಿಯಿಂದ ನೋಡಿದೆ. ಕ್ಯಾಂಟೀನಿನಲ್ಲಿ ತಿನ್ನುತ್ತೇನೆ ಎನ್ನುತ್ತಿದ್ದೆ. ಯಾವ ದುಡ್ಡಿನಿಂದ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ — ಉತ್ತರ ಬಂದುಬಿಡುತ್ತಿತ್ತಲ್ಲ.

ಶಾಲೆಯಲ್ಲಿ ಪ್ರತಿ ವರ್ಷ ಗಣಿತಕ್ಕೆ ಬಹುಮಾನ ತಂದವಳು ಎರಡು ವಿಷಯಗಳಲ್ಲಿ ಫೇಲಾದೆ. ಮೊಬೈಲ್ ನೋಡಿ ನೋಡಿ ತಲೆ ಮೊಂಡಾಗಿದೆ ಎಂದು ಬೈದೆ. ಆ ಮೊಬೈಲಿಗೆ ಡೇಟಾ ಹಾಕಿಸಿ ಎಷ್ಟು ದಿನವಾಗಿತ್ತೆಂದು ನನಗೆ ಗೊತ್ತಿತ್ತು.

ನಿನಗೆ ಗೊತ್ತಿಲ್ಲದ ಇನ್ನೊಂದಿದೆ. ಆ ವಾರ ನಿನ್ನ ಮೇಡಂ ಒಬ್ಬರು ನನಗೆ ಫೋನ್ ಮಾಡಿದ್ದರು. ಒಮಾನಿ ಹೆಂಗಸು, ಬಹಳ ಮೃದುವಾಗಿ ಇಂಗ್ಲಿಷಿನಲ್ಲಿ ಮಾತಾಡಿದರು. ಹುಡುಗಿ ಪರೀಕ್ಷೆಯಲ್ಲಿ ತಲೆ ಮೇಜಿಗಿಟ್ಟು ನಿದ್ದೆ ಹೋಗಿದ್ದಳು, ಊಟದ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಒಬ್ಬಳೇ ಕೂತಿರುತ್ತಾಳೆ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದರು. ಕಷ್ಟವಿದ್ದರೆ ಫೀಸನ್ನು ಕಂತಿನಲ್ಲಿ ಕಟ್ಟಬಹುದು, ತಾವೇ ಮಾತಾಡಿ ಅನುಮತಿ ಕೊಡಿಸುವುದಾಗಿ ಹೇಳಿದರು. ಬೇರೆ ದೇಶದ ಹೆಂಗಸು, ನಮ್ಮ ಮುಖ ನೋಡಿದವರಲ್ಲ — ಅವರಿಗೆ ಅರ್ಥವಾಗಿತ್ತು. ನಾನು ನಕ್ಕು, ತೊಂದರೆ ಏನೂ ಇಲ್ಲ, ನಮ್ಮ ಹುಡುಗಿ ಸ್ವಲ್ಪ ಸೋಮಾರಿ ಎಂದೆ. ಆ ಮೇಡಂ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು. ಆಮೇಲೆ ಅವರು ನಿನ್ನನ್ನು ಏನೂ ಕೇಳಿರಲಾರರು. ತಾಯಿಯೇ ಹೀಗೆಂದ ಮೇಲೆ ಏನು ಕೇಳುತ್ತಾರೆ?

ಈಗ ಊಟದ ವಿಷಯ. ಇಲ್ಲಿನ ನಮ್ಮ ಊರವರ ಸಂಘದ ವಾರ್ಷಿಕೋತ್ಸವದ ಪದ್ಧತಿ ನಿನಗೆ ಗೊತ್ತಿರುವುದೇ. ಕೊನೆಯಲ್ಲಿ ಕಾರ್ಯದರ್ಶಿ ಸದಾನಂದಣ್ಣ ವೇದಿಕೆಯಿಂದ, ಮುಂದಿನ ವರ್ಷದ ಊಟದ ಖರ್ಚು ಯಾರದ್ದು ಎಂದು ಕೇಳುವುದು. ಎಲ್ಲರೂ ನಮ್ಮ ಕಡೆ ತಿರುಗುವುದು. ನಾನು ಬೇರೆ ಯಾರಾದರೂ ಇದ್ದಾರೇನೋ ಎಂಬಂತೆ ಅತ್ತಿತ್ತ ನೋಡಿ, ಆಮೇಲೆ ಮೆಲ್ಲಗೆ ಕೈ ಎತ್ತುವುದು. ನೀನು ಒಂದನೆಯ ಕ್ಲಾಸಿನಲ್ಲಿದ್ದಾಗಿನಿಂದ ಆ ಕೈ ನನ್ನದೇ. ಉಡುಪಿಯಿಂದ ಗುಳ್ಳ ಬದನೆ ತರಿಸಿ ಹುಳಿ ಮಾಡಿಸುತ್ತಿದ್ದೆ. ಚಪ್ಪಾಳೆಯ ರುಚಿ ಹೋಳಿಗೆಗಿಂತ ಹೆಚ್ಚು, ಪುಟ್ಟಿ. ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ಅದೇ ಸಂಘದಲ್ಲಿ ಕಷ್ಟದಲ್ಲಿರುವ ಮಕ್ಕಳ ಓದಿಗೆಂದು ನಿಧಿಯೊಂದಿತ್ತು. ಯಾರಿಗೆ ಕೊಡಬೇಕೆಂದು ಕೂತು ಮಾತಾಡುವ ನಾಲ್ವರಲ್ಲಿ ನಾನೂ ಒಬ್ಬಳು. ಅದನ್ನು ಪಡೆದವರ ಮನೆಯ ಪರದೆ ಹೇಗಿದೆ, ಅವರ ಹೆಂಡತಿಯ ಸೀರೆ ಎಂಥದ್ದು ಎಂದೆಲ್ಲ ಲಿಫ್ಟಿನಲ್ಲಿ ಆಡಿಕೊಂಡವಳೂ ನಾನೇ. ಗಲ್ಫಿನಲ್ಲಿ ಇದ್ದುಕೊಂಡು ಕೈಯೊಡ್ಡುವುದೆಂದರೇನು ಎನ್ನುತ್ತಿದ್ದೆ. ಹಾಗೆ ಆಡಿದ ಬಾಯಿಂದ ನಿನಗಾಗಿ ಕೇಳುವುದು ಹೇಗೆ? ಕೇಳಬಹುದಿತ್ತು. ಕೇಳಲಿಲ್ಲ, ಅಷ್ಟೇ.

ಕಾರು ಮಾರಿ ಬಂದ ದುಡ್ಡನ್ನು ನಿನ್ನ ಅಪ್ಪ ನನ್ನ ಕೈಗಿಟ್ಟು, ಇದು ಮಗಳ ಮುಂದಿನ ಸೆಮಿಸ್ಟರಿನದು, ಬಾಡಿಗೆಗೂ ಮುಟ್ಟಬೇಡ ಎಂದಿದ್ದರು. ಕೆಲವು ದಿನಗಳಾದ ಮೇಲೆ ಸದಾನಂದಣ್ಣನ ಫೋನ್ ಬಂತು. ಪಾಪ, ಮನುಷ್ಯ ಮಾತಿಗೆ ತಡವರಿಸುತ್ತಿದ್ದ.

"ಅಕ್ಕಾ, ಈ ವರ್ಷ ಊಟದ್ದು ಬೇರೆಯವರಿಗೆ ಕೊಡುವನಾ? ನಿಮಗೆ ಬೇಜಾರಿಲ್ಲದಿದ್ರೆ. ಸ್ಟೇಜಲ್ಲಿ ನಾನೇ ಎಂತಾದ್ರೂ ಹೇಳಿ ಸುಧಾರಿಸ್ತೇನೆ."

ಅವನಿಗೆ ಗೊತ್ತಾಗಿತ್ತು. ಯಾರಿಂದಲೋ ತಿಳಿದು, ನನ್ನ ಮಾನ ಉಳಿಸಲೆಂದೇ ಆ ದಾರಿ ಮಾಡಿಕೊಟ್ಟಿದ್ದ. ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಆ ಕರುಣೆ — ಅದು ನನ್ನ ಮೈಗೆಲ್ಲ ತುರಿಕೆಸೊಪ್ಪು ತಾಗಿದಂತಾಯಿತು.

"ಯಾಕೆ? ನಮಗೆಂತ ಆಗಿದೆ?" ಎಂದೆ. "ಊಟ ನಮ್ಮದೇ. ಈ ಸಲ ಎರಡು ಪಾಯಸ."

ಇಷ್ಟೇ ಮಾತು. ನಿನ್ನ ಓದನ್ನು ಮುಗಿಸಿದ್ದು ಈ ಮಾತು, ನಿನ್ನ ತಲೆಯಲ್ಲ.

ಆಮೇಲೆ ನಿನಗೆ ಹೇಳಲು ಒಂದು ಕಾರಣ ಬೇಕಿತ್ತಲ್ಲ. ಸಣ್ಣ ಸುಳ್ಳು ಹೇಳಿದರೆ ನೀನು ಕೇಳುತ್ತಿದ್ದೆ, ವಾದ ಮಾಡುತ್ತಿದ್ದೆ. ಪ್ರಶ್ನೆಯೇ ಬಾರದಂಥ ಸುಳ್ಳು ಹುಡುಕಿದೆ. ಅಜ್ಜಿಯ ಎದೆಯ ವಾಲ್ವ್ ಕೆಟ್ಟಿದೆ, ಕೂಡಲೇ ಆಪರೇಷನ್ ಆಗಬೇಕು, ಮಾವನ ಹತ್ತಿರ ಸಾಲುವಷ್ಟಿಲ್ಲ, ನಿನ್ನ ಫೀಸಿನ ದುಡ್ಡನ್ನು ಕಳಿಸಬೇಕಾಗುತ್ತದೆ ಎಂದೆ. ನೀನು ಅಳುತ್ತೀಯೆಂದು ಕಾದಿದ್ದೆ. ನೀನು ಬಂದು ನನ್ನ ಹೆಗಲು ಹಿಡಿದುಕೊಂಡೆ.

"ಇಟ್ಸ್ ಓಕೆ ಅಮ್ಮ. ಅಜ್ಜಿ ಫಸ್ಟ್. ಕಾಲೇಜ್ ಎಲ್ಲಿಗೂ ಓಡಿ ಹೋಗುದಿಲ್ಲ."

ನನ್ನನ್ನು ಸಮಾಧಾನ ಮಾಡಿದೆ. ನಾನು ಅತ್ತೆ, ನೀನು ಕಣ್ಣೊರೆಸಿದೆ. ಆ ಅಳುವಿನಲ್ಲಿ ಎಷ್ಟು ಸುಳ್ಳಿತ್ತು, ಎಷ್ಟು ನಿಜವಿತ್ತು — ನನಗೆ ಈಗಲೂ ತಿಳಿಯುವುದಿಲ್ಲ.

ನಿನ್ನ ಅಪ್ಪನಿಗೆ ಗೊತ್ತಾಗುವಷ್ಟರಲ್ಲಿ ಅಡುಗೆಯವರಿಗೆ ದುಡ್ಡು ಕೊಟ್ಟಾಗಿತ್ತು. ಮಗಳಿಗೆ ನೀನೇ ಹೇಳುತ್ತೀಯೋ, ನಾನು ಹೇಳಲೋ ಎಂದರು. ಮಗಳೆದುರು ನನ್ನ ಮರ್ಯಾದೆ ತೆಗೆಯಬೇಡಿ ಎಂದು ಕಾಲಿಗೆ ಬಿದ್ದೆ. ಅವರು ನಿನಗೆ ಹೇಳಲಿಲ್ಲ. ಆ ಶುಕ್ರವಾರ ಪಂಚೆ ಉಟ್ಟು ಬಂದರು, ಎಲ್ಲರಿಗೂ ಅನ್ನ ಬಡಿಸಿದರು, ತಾವು ಎಲೆಯ ಮುಂದೆ ಕೂರಲಿಲ್ಲ. ಅಪ್ಪನಿಗೆ ಹೊಟ್ಟೆ ಸರಿಯಿಲ್ಲವೇ ಎಂದು ನೀನು ನನ್ನನ್ನು ಕೇಳಿದೆ. ಈ ಸಲದ ಖರ್ಚು ಸಂಘದ್ದೇ, ಹೆಸರು ಮಾತ್ರ ನಮ್ಮದು ಎಂದು ನಾನು ಹೇಳಿದ್ದನ್ನು ನಂಬಿ ನೀನು ಹೋಳಿಗೆಯ ಬುಟ್ಟಿ ಹಿಡಿದು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನಡೆಯುತ್ತಿದ್ದೆ. ಒಬ್ಬರು, ಇಂಥ ಮಗಳಿರಬೇಕು ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಆ ಹೊತ್ತಿನಲ್ಲಿ ನನಗೆ ನಾಚಿಕೆಯಾಗಿತ್ತು ಎಂದು ಬರೆದರೆ ಸುಳ್ಳಾದೀತು. ನನಗೆ ಸಂತೋಷವಾಗಿತ್ತು.

ಒಂದು ಸೆಮಿಸ್ಟರ್ ಬಿಟ್ಟರೆ ಸಾಕು ಎಂದುಕೊಂಡದ್ದು ಎರಡಾಯಿತು. ಕಂಪನಿ ಕೊನೆಗೊಮ್ಮೆ ಬಾಕಿ ಕೊಟ್ಟು ನಿನ್ನ ಅಪ್ಪನಿಗೆ ಬೇರೆ ಕೆಲಸವಾಗುವ ಹೊತ್ತಿಗೆ ನೀನು ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿ, ಕೌಂಟರಿನಲ್ಲಿ ಕೂತು ಬಂದವರ ಹೆಸರು ಬರೆದು ಚೀಟಿ ಕೊಡುತ್ತಿದ್ದೆ, ಕಾಲೇಜಿನ ಮಾತನ್ನೇ ಎತ್ತುತ್ತಿರಲಿಲ್ಲ. ವಾರಕ್ಕೊಮ್ಮೆ ವಿಡಿಯೋದಲ್ಲಿ ಅಜ್ಜಿಯನ್ನು, ಎದೆ ನೋವು ಹೇಗಿದೆ, ಮಾತ್ರೆ ತೆಗೆದುಕೊಂಡೆಯಾ ಎಂದು ವಿಚಾರಿಸುತ್ತಿದ್ದೆ. ದಿನಾ ಕೆರೆಯ ಮೆಟ್ಟಿಲು ಹತ್ತಿಳಿಯುವ ಮುದುಕಿ, ನಾನು ಫೋನಿನಲ್ಲಿ ಹೇಳಿಕೊಟ್ಟಿದ್ದ ಹಾಗೆ, ಸೆರಗು ಬಿಗಿದುಕೊಂಡು, ಈಗ ಪರವಾಗಿಲ್ಲ ಮಗಾ ಎನ್ನುತ್ತಿದ್ದಳು. ನಾವು ಊರಿಗೆ ಹೋದ ಒಂದೇ ಸಲ, ಎದೆಯ ಮೇಲೆ ಗಾಯದ ಗುರುತಿಲ್ಲದ್ದು ನಿನಗೆ ಕಾಣಬಾರದೆಂದು ಆ ಸೆಕೆಯಲ್ಲೂ ಶಾಲು ಹೊದ್ದೇ ಓಡಾಡಿದಳು. ನನಗಾಗಿ ಸುಳ್ಳು ಹೇಳಿದಳು, ಆದರೆ ನನ್ನನ್ನು ಬಿಡಲಿಲ್ಲ. ಹೊರಡುವ ದಿನ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು: "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಕೇಳಿದ್ದೆ. ನೀನು ಆ ಹೂವಿಗೆ ಮಗಳನ್ನೇ ಕೊಯ್ದೆಯಲ್ಲ."

ಅಷ್ಟಾದರೂ ನಾನು ಬಾಯಿ ಬಿಡಲಿಲ್ಲ. ಬಹುಶಃ ಮುಂದೆಯೂ ಬಿಡುತ್ತಿರಲಿಲ್ಲ. ಮೊನ್ನೆ ಮೊನ್ನೆ ಕಾಲೇಜಿನವರು ನಿನಗೆ ಫೋನ್ ಮಾಡಿ, ಈ ತಿಂಗಳೊಳಗೆ ಮತ್ತೆ ಸೇರಿದರೆ ಹಿಂದೆ ಪಾಸಾದ ವಿಷಯಗಳು ಲೆಕ್ಕಕ್ಕೆ ಬರುತ್ತವೆ, ತಪ್ಪಿದರೆ ಮೊದಲಿಂದ ಓದಬೇಕು ಎಂದರಂತೆ. ಅದನ್ನು ನೀನು ಊಟದ ಹೊತ್ತಿಗೆ ಹೇಳಿದಾಗ ನಾನು ದೇವರಿಗೆ ಕೈ ಮುಗಿದೆ. ಸದ್ಯ, ಇವಳು ಓದು ಮುಗಿಸುತ್ತಾಳೆ, ನಾನು ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದುಕೊಂಡೆ. ನೋಡು, ಆಗಲೂ ನನ್ನದೇ ಚಿಂತೆ.

ಆದರೆ ಕಳೆದ ವಾರ ನೀನು ಕೆಲಸದಿಂದ ಬಂದು, ಈ ನಾಲ್ಕು ವರ್ಷ ಉಳಿಸಿದ್ದನ್ನೆಲ್ಲ ನನ್ನ ಮುಂದಿಟ್ಟೆ.

"ಇದು ಅಜ್ಜಿಯ ಸೆಕೆಂಡ್ ಆಪರೇಷನ್‌ಗೆ. ನಮ್ಮ ಡಾಕ್ಟರ್ ಹತ್ರ ಕೇಳಿದೆ ಅಮ್ಮ, ಕೆಲವು ವಾಲ್ವ್ ಲೈಫ್‌ಲಾಂಗ್ ಬರುದಿಲ್ಲವಂತೆ. ಆ ಟೈಮಿಗೆ ನಾವು ರೆಡಿ ಇರ್ಬೇಕು."

ಮತ್ತೆ ಕಾಲೇಜಿನ ಗತಿ ಏನು ಎಂದೆ.

"ಬಿಡು. ಓದುದು ನನಗೆ ಆಗಿಬರುದಿಲ್ಲ. ನನ್ನ ಮಾರ್ಕ್ಸ್ ನೋಡಿದ್ದೀಯಲ್ಲ" ಎಂದು ನಕ್ಕು ಒಳಗೆ ಹೋದೆ.

ಆ ನಗೆ ನನಗೆ ತಡೆಯಲಾಗಲಿಲ್ಲ. ಇಲ್ಲದ ಕಾಯಿಲೆಗೆ ನೀನು ಎರಡನೆಯ ಸಲ ಓದು ಬಿಡಲು ಹೊರಟಿದ್ದೀಯ. ಅದಕ್ಕಿಂತ ಹೆಚ್ಚಾಗಿ — ನೀನು ದಡ್ಡಿಯೆಂದು ನೀನೇ ನಂಬಿದ್ದೀಯ. ಹಸಿದು, ನಡೆದು, ದುಡಿದು ಬಂದು ಪರೀಕ್ಷೆ ಬರೆದವಳ ಅಂಕಗಳವು. ಅವುಗಳಲ್ಲಿ ನಿನ್ನ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ಹೇಳಬೇಕಾದವಳು ನಾನು. ನಿಜ ನಿನಗೆ ಗೊತ್ತಾಗಿಬಿಡುತ್ತದೆಂದು ಹೆದರಿ ನಿನ್ನನ್ನು ದಡ್ಡಿಯೆಂದು ನಂಬಲು ಬಿಟ್ಟೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಆ ದಿನದ ಹಾಗೆ ಹೆಗಲು ಹಿಡಿದುಕೊಂಡು ಸಮಾಧಾನ ಹೇಳುತ್ತೀಯ. ಅದು ನನಗೆ ಬೇಡ. ಸದಾನಂದಣ್ಣನಿಗೂ ನಿಧಿಯ ವಿಷಯಕ್ಕೆ ನನ್ನ ಜೊತೆ ಕೂರುವ ಆ ಮೂವರಿಗೂ ನಡೆದದ್ದನ್ನು ನಾನೇ ಬಾಯಿಬಿಟ್ಟು ಹೇಳುತ್ತೇನೆ. ಅಜ್ಜಿಗೆ ಫೋನ್ ಮಾಡಿ, ಇನ್ನು ಸುಳ್ಳು ಸಾಕು ಎಂದಿದ್ದೇನೆ. ನೀನು ಕೊಟ್ಟ ದುಡ್ಡು ನಿನ್ನ ದಿಂಬಿನ ಕೆಳಗಿದೆ. ಮೊದಲು ಕಾಲೇಜಿಗೆ ಹೋಗಿ ಹೆಸರು ಬರೆಸಿ ಬಾ, ಪುಟ್ಟಿ. ನನ್ನ ಮೇಲಿನ ಕೋಪ ಆಮೇಲೆ ಇರಲಿ. ಅದಕ್ಕೆ ಕೊನೆಯ ದಿನಾಂಕವಿಲ್ಲ.